ಗಾಗಲ್ಸಿನ ಗುರುತು

ಎದುರಿಗೆ ಸಿಕ್ಕವರ ಕುಶಲವನ್ನು ಬಾಯಲ್ಲಿ ವಿಚಾರಿಸದೆ ಅವರ ಕಣ್ಣಿನಲ್ಲೇ ಓದಿಕೊಳ್ಳುತ್ತಿದ್ದ ಹೆಂಗಸು ನಮ್ಮ ಈಜು ಟೀಚರ್. ಓದುವುದೆಂದರೆ ಕವಿಗಳು ಓದುವಂತಲ್ಲ. ಅಕ್ಷರ ಕಲಿಯುವ ಮಗು ಸಾಲಿನ ಮೇಲೆ ಬೆರಳಿಟ್ಟು ಓದುವಂತೆ, ಅಷ್ಟು ನಿಧಾನವಾಗಿ, ಅಷ್ಟು ಹಟದಿಂದ. ಯಾರಿಗಾದರೂ ನೆಗಡಿಯಾಗಿದೆ ಎಂದು ತಿಳಿದರೆ ಮುಗಿಯಿತು: ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆಗೆ ಎತ್ತುವರು, ಅಂಗೈಯಿಂದ ಒಂದು ಕಣ್ಣು ಮುಚ್ಚುವರು, ಕೊರಳಲ್ಲಿ ತೂಗುತ್ತಿದ್ದ ವಿಶಲ್ಲಿನ ಕೆಂಪು ದಾರವನ್ನು ಮುಂದೆ ಹಿಡಿದು, “ಇದೇನು ಬಣ್ಣ?” ಎನ್ನುವರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ, “ಈಗ? ಅಷ್ಟೇ ಕೆಂಪಾ, ಸ್ವಲ್ಪ ಮಾಸಿದೆಯಾ?” ದಾರವನ್ನು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಆಡಿಸಿ, ಎರಡೂ ಕಣ್ಣು ಜೊತೆಯಾಗಿ ಹಿಂಬಾಲಿಸಿದ ಮೇಲೆಯೇ ಗದ್ದಕ್ಕೆ ಬಿಡುಗಡೆ.

ಒಮ್ಮೆ ಬ್ಯಾಂಕಿನಲ್ಲಿ ಕ್ಯಾಷಿಯರ್ ಎರಡು ಸಲ ಸೀನಿದ. ಗಾಜಿನ ಕಿಂಡಿಯೊಳಗೆ ಕೈ ತೂರಿಸಿ ಗದ್ದ ಹಿಡಿಯಲು ಸಾಧ್ಯವಿಲ್ಲದ್ದರಿಂದ ಟೀಚರ್ ಅವನಿಂದಲೇ ಅವನ ಕಣ್ಣು ಮುಚ್ಚಿಸಿದರು. ಪರೀಕ್ಷೆ ನಡೆಯುತ್ತಿದ್ದಂತೆ ಹಿಂದಿನ ಸಾಲು ಬಾಗಿಲವರೆಗೆ ಬೆಳೆಯಿತು. ಕೊನೆಗೆ ಅವನು, “ಪೂರ್ತಿ ಕೆಂಪು, ಮೇಡಂ. ಎರಡೂ ಕಣ್ಣಿಗೂ ಕೆಂಪು. ನಿಮ್ಮ ಹಿಂದೆ ನಿಂತಿರೋರ ಮುಖಾನೂ ಕೆಂಪಾಗ್ತಾ ಇದೆ, ಸ್ವಲ್ಪ ಜಾಗ ಬಿಡಿ” ಎಂದನಂತೆ. ಟೀಚರ್ ಜಾಗ ಬಿಟ್ಟರು. ಆದರೆ ಬಿಡುವ ಮೊದಲು, “ನೆಗಡಿ ವಾರ ದಾಟಿದ್ರೆ ಡಾಕ್ಟ್ರ ಹತ್ರ ಹೋಗಪ್ಪಾ” ಎಂದು ಹೇಳಿಯೇ ಬಿಟ್ಟರು.

ಅವರ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದಾಗಿತ್ತು. ಜೀವಮಾನವೆಲ್ಲ ಒದ್ದೆ ಟೈಲಿನ ಮೇಲೆ ಓಡಾಡಿದವರಾದ್ದರಿಂದ ಒಣಗಿದ ರಸ್ತೆಯಲ್ಲೂ ಕಾಲ್ಬೆರಳುಗಳಿಂದ ನೆಲವನ್ನು ಕಚ್ಚಿ ಹಿಡಿಯುತ್ತ, ಮಂಡಿಯನ್ನು ಕೊಂಚ ಬಾಗಿಸಿ, ಯಾವ ಕ್ಷಣದಲ್ಲಾದರೂ ಜಾರಬಹುದು, ಆದರೆ ಜಾರಲಾರೆ ಎಂಬ ಧೋರಣೆಯಲ್ಲಿ ನಡೆಯುತ್ತಿದ್ದರು. ಮೈಮೇಲೆ ಸದಾ ಟವೆಲ್ ಬಟ್ಟೆಯ ಉದ್ದನೆಯ ಕೋಟು. ಹುಟ್ಟಿನಲ್ಲಿ ಅದು ನೀಲಿಯಾಗಿತ್ತಂತೆ. ಕ್ಲೋರಿನ್ನಿನ ಕೃಪೆಯಿಂದ ಬೂದಿಯಾಗಿ, ಬೂದಿಯಿಂದ ಯಾವ ಹೆಸರೂ ಇಲ್ಲದ ಬಣ್ಣವಾಗಿ, ಎರಡು ಜೇಬುಗಳೂ ಈಜು ಗಾಗಲ್ಸಿನ ಹರಿದ ರಬ್ಬರ್ ಪಟ್ಟಿ, ಮುರಿದ ಬಕಲ್ಲು, ಒಂಟಿ ಗಾಜುಗಳಿಂದ ಉಬ್ಬಿ, ನಡೆಯುವಾಗ ಕಟಕಟ ಸದ್ದು ಮಾಡುತ್ತಿತ್ತು. ಈಜುಕೊಳದ ತಗಡಿನ ಸೂರಿನ ಕೆಳಗೆ ಮಾರ್ದನಿಗಳೊಡನೆ ಜಗಳವಾಡಿ ಬೆಳೆದ ಅವರ ಕಂಠಕ್ಕೆ ಗುಟ್ಟು ಎಂಬುದೇ ತಿಳಿದಿರಲಿಲ್ಲ. ಕಿವಿಯಲ್ಲಿ ಉಸುರಿದರೆ ಟಿಕೆಟ್ ಕಿಂಡಿಯವನಿಗೂ ವಿಷಯ ತಿಳಿಯುತ್ತಿತ್ತು.

ಮಕ್ಕಳು ಅವರನ್ನು ‘ಮೊಸಳೆ’ ಎಂದು ಕರೆಯುತ್ತಿದ್ದರು. ಕಾರಣವಿತ್ತು. ಶಿಷ್ಯರ ಕಾಲು ನೀರಿನೊಳಗೆ ಹೇಗೆ ಆಡುತ್ತದೆ ಎಂದು ನೋಡಲು ಅವರು ಕೊಳದ ಮೂಲೆಯಲ್ಲಿ, ಆಗಾಗ ಕಣ್ಣು ಮಾತ್ರ ಮೇಲೆತ್ತಿ, ಮಿಸುಕದೆ ಮುಳುಗಿರುತ್ತಿದ್ದರು. ತಪ್ಪು ಮಾಡಿದವರ ಪಕ್ಕದಲ್ಲಿ ಏಕಾಏಕಿ ಎದ್ದು, “ಇನ್ನೊಂದ್ಸಲ!” ಎನ್ನುವುದು ಅವರ ಬೋಧನೆಯ ಸರ್ವಸ್ವ. ಚೆನ್ನಾಗಿ ಮಾಡಿದರೂ “ಇನ್ನೊಂದ್ಸಲ”, ಕೆಟ್ಟದಾಗಿ ಮಾಡಿದರೂ “ಇನ್ನೊಂದ್ಸಲ”. ಅವುಗಳ ವ್ಯತ್ಯಾಸವನ್ನು ತಿಳಿಯಲು ಮಕ್ಕಳಿಗೆ ಒಂದು ವರ್ಷ ಹಿಡಿಯುತ್ತಿತ್ತು. ನಿವೃತ್ತಿಯ ನಂತರ ಮಂಡಿನೋವಿಗೆಂದು ನೀರಿನಲ್ಲಿ ನಡೆಯಲು ಹೋಗುತ್ತಿದ್ದ ನನ್ನನ್ನೂ ಅವರು ಬಿಡಲಿಲ್ಲ. “ಮೇಷ್ಟ್ರೇ, ನೀವು ನೀರಿಗೆ ಪಾಠ ಮಾಡ್ತಾ ಇದೀರಿ. ಅದಕ್ಕೆಲ್ಲಾ ಗೊತ್ತು. ಸುಮ್ನೆ ಕಾಲೆತ್ತಿ.”

ಕಣ್ಣು ನೋಡುವ ಈ ಅಭ್ಯಾಸ ಮಾತ್ರ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ನಾನು ಕೊಳಕ್ಕೆ ಹೋಗತೊಡಗಿದ ಹೊಸತರಲ್ಲಿ ಅವರು ನೆಗಡಿಯನ್ನು ಕಾಯಿಲೆಯೆಂದೇ ಒಪ್ಪುತ್ತಿರಲಿಲ್ಲ. ಈಜುವ ಮಕ್ಕಳ ಮೂಗು ಸೋರುವುದು ನಲ್ಲಿ ತೊಟ್ಟಿಕ್ಕುವಷ್ಟೇ ಸಹಜ ಎಂದು ಅವರ ವಾದ. ಇನ್ನು ಕಣ್ಣಿನ ಸುತ್ತ ಊತ ಬಂದರೆ ಅದಕ್ಕೆ ಕೊಳದಲ್ಲಿ ಒಂದೇ ಅರ್ಥ. ಗಾಗಲ್ಸನ್ನು ಬಿಗಿಯಾಗಿ ಕಟ್ಟಿಕೊಂಡರೆ ರಬ್ಬರಿನ ಅಂಚು ಕಣ್ಣಿನ ಸುತ್ತ ಉಂಗುರದಂತೆ ಒತ್ತಿ, ರೆಪ್ಪೆ ಉಬ್ಬಿ, ಮುಖ ಗೂಬೆಯಂತಾಗುತ್ತದೆ. ಅಲ್ಲಿನ ಎಲ್ಲರ ಮುಖದಲ್ಲೂ ಆ ಗುರುತು ಇರುತ್ತಿತ್ತು. “ಪಟ್ಟಿ ಸಡಿಲ ಮಾಡ್ಕೋ, ಹೋಗು” ಎಂಬುದೇ ಅದಕ್ಕೆ ಔಷಧ, ಮತ್ತು ನೂರರಲ್ಲಿ ತೊಂಬತ್ತೊಂಬತ್ತು ಸಲ ಅದೇ ಸರಿಯಾದ ಔಷಧ.

ನೂರನೆಯ ಸಲದ ಹುಡುಗಿಯನ್ನು ಎಲ್ಲರೂ ‘ಚಿಟ್ಟೆ’ ಎನ್ನುತ್ತಿದ್ದರು. ಎರಡು ತೋಳನ್ನೂ ಒಟ್ಟಿಗೆ ಬೀಸಿ ನೀರಿನಿಂದ ಮೇಲೇಳುವ ಚಿಟ್ಟೆ ಈಜಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೈಸ್ಕೂಲಿನ ವಯಸ್ಸು, ತಾಯಿಯಿಲ್ಲದ ಮಗು, ತಂದೆ ದೂರದ ಹಾದಿಗಳ ಲಾರಿ ಚಾಲಕ. ಸಾಕಿದವಳು ಅಜ್ಜಿ. ಈ ಅಜ್ಜಿ ದಿನಾ ಮೊಮ್ಮಗಳ ಜೊತೆ ಬಂದು ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತು, ಎಲ್ಲರಿಗೂ ಕೇಳುವಂತೆ ಟೀಕೆ ಟಿಪ್ಪಣಿ ಒದಗಿಸುತ್ತಿದ್ದಳು. ನನ್ನ ಮಂಡಿಗಳಿಗೂ ಅದೇ ಬೆಂಚು ಗತಿಯಾದ್ದರಿಂದ ಮುಂದಿನ ಕಥೆಯಲ್ಲಿ ಬಹುಭಾಗ ನನಗೆ ಅಜ್ಜಿಯ ಬಾಯಿಂದ ಬಂದದ್ದು; ಮಿಕ್ಕದ್ದು ಟೀಚರ್ ತಾವೇ ಹೇಳಿದ್ದು, ಏನನ್ನೂ ಬಚ್ಚಿಡದೆ.

“ಏನಮ್ಮಾ ಟೀಚರಮ್ಮ, ಹುಡುಗೀನ ಒಗೆಯೋ ಬಟ್ಟೆ ಥರ ನೆನೆ ಹಾಕಿಬಿಟ್ಟಿದೀಯಲ್ಲ. ಬಣ್ಣ ಹೋದ್ರೆ ಯಾರು ಜವಾಬ್ದಾರಿ?”

“ಗಟ್ಟಿ ಬಣ್ಣ ಅಜ್ಜಿ, ಹೋಗಲ್ಲ. ನಿಮ್ಮ ಬಾಯಿ ಥರ.”

“ನನ್ನ ಬಾಯಿ ಇಲ್ಲದೆ ಹೋದ್ರೆ ಈ ಕೊಳದಲ್ಲಿ ಯಾರಿಗೂ ನಿದ್ದೆ ತಡೆಯೋಕಾಗ್ತಿರಲಿಲ್ಲ ಕಣೆ.”

ಆ ವರ್ಷ ನಾಲ್ಕು ಕ್ಲಬ್ಬುಗಳ ನಡುವಿನ ರಿಲೇ ಸ್ಪರ್ಧೆಯನ್ನು ಗೆಲ್ಲುವ ಆಸೆ ಟೀಚರಿಗೆ ಹುಟ್ಟಿತ್ತು. ಅಷ್ಟು ವರ್ಷ ಕೊನೆಯ ಸ್ಥಾನವನ್ನು ಬೇರೆ ಯಾರಿಗೂ ಬಿಟ್ಟುಕೊಡದ ತಂಡಕ್ಕೆ ಚಿಟ್ಟೆ ಸೇರಿದ್ದೇ ಆ ಆಸೆಗೆ ಆಧಾರ. ಸ್ಪರ್ಧೆಗೆ ಕೆಲವು ದಿನ ಮುಂಚೆ ಅವಳಿಗೆ ನೆಗಡಿಯಾಯಿತು. ಕಡಿಮೆಯಾದಂತೆ ತೋರಿತು, ಮತ್ತೆ ಮರುಕಳಿಸಿತು, ಮೊದಲಿಗಿಂತ ಜೋರಾಗಿ. ಬಗ್ಗಿದರೆ ಹಣೆ ಸಿಡಿಯುತ್ತದೆ ಎಂದು ಅವಳು ಅಜ್ಜಿಗೆ ಹೇಳಿದಳು, ಟೀಚರಿಗೆ ಹೇಳಲಿಲ್ಲ. ಹೇಳಿದರೆ ತಂಡದಿಂದ ತೆಗೆದಾರೆಂಬ ಅಂಜಿಕೆ. ಅಜ್ಜಿ ಹಬೆ ಹಿಡಿಸಿದಳು, ಕಷಾಯ ಕುಡಿಸಿದಳು, ಶೀತ ಇಳಿಯಬೇಕಾದರೆ ಒಂದಿಷ್ಟು ನೋವು ಇದ್ದದ್ದೇ ಎಂದು ಸಮಾಧಾನ ಹೇಳಿದಳು.

ಮರುದಿನ ಬೆಳಗ್ಗೆ ಚಿಟ್ಟೆಯ ಎಡಗಣ್ಣಿನ ರೆಪ್ಪೆ ಉಬ್ಬಿತ್ತು. ಟೀಚರ್ ನೋಡಿದರು. ನೋಡಿ, ನೂರು ಸಲ ಮಾಡಿದ್ದನ್ನೇ ಮಾಡಿದರು: ಅವಳ ತಲೆಯ ಹಿಂದೆ ಕೈಹಾಕಿ ಪಟ್ಟಿ ಸಡಿಲಿಸಿದರು. ಮೊದಲ ಸುತ್ತು ಈಜಿ ಬಂದಾಗ, ಏನೋ ಅನುಮಾನವಾಗಿ, ಹಣೆ ಮುಟ್ಟಿಯೂ ನೋಡಿದರು. ತಣ್ಣಗಿತ್ತು. ನೀರಿನಿಂದ ಎದ್ದ ಹಣೆ ಯಾವಾಗಲೂ ತಣ್ಣಗಿರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಬಯಸಿದ ಉತ್ತರ ಸಿಕ್ಕಮೇಲೆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವವರು ಕಡಿಮೆ. ಬಾಯಿ ತೆರೆದರೆ “ಇನ್ನೊಂದ್ಸಲ” ಎನ್ನುತ್ತಿದ್ದ ಅವರೂ ಅಂದು ಆ ಹಣೆಯನ್ನು ಇನ್ನೊಂದು ಸಲ ಮುಟ್ಟಲಿಲ್ಲ.

ಎರಡನೆಯ ಸುತ್ತಿನ ಕೊನೆಯಲ್ಲಿ ಚಿಟ್ಟೆ ಗೋಡೆ ಮುಟ್ಟುವಾಗ ಕೈ ತಪ್ಪಿ, ಈಜುಸಾಲು ಬೇರ್ಪಡಿಸುವ ಹಗ್ಗಕ್ಕೆ ಭುಜ ಬಡಿದು, ಕೆಮ್ಮುತ್ತ ತಲೆಯೆತ್ತಿದಳು.

“ಟೀಚರ್, ಗೋಡೆ ಎರಡೆರಡು ಕಾಣ್ತಾ ಇದೆ.”

ಟೀಚರ್ ನಕ್ಕರು. “ಎರಡಿದ್ರೆ ಒಳ್ಳೇದೇ ಆಯ್ತಲ್ಲೇ! ಹತ್ತಿರದ್ದನ್ನ ಮುಟ್ಟು!”

ಕೊಳದಲ್ಲಿದ್ದವರೆಲ್ಲ ನಕ್ಕರು. ಬೆಂಚಿನ ಮೇಲಿದ್ದ ನಾವೂ ನಕ್ಕೆವು. ಚಿಟ್ಟೆ ನಗಲಿಲ್ಲ, ಗಾಗಲ್ಸ್ ಕಿತ್ತು ಹಣೆಯ ಮೇಲಕ್ಕೆ ಸರಿಸಿ ಟೀಚರ್ ಕಡೆ ತಿರುಗಿದಳು. ಆ ಒಂದು ತಿರುಗುವಿಕೆಯಲ್ಲಿ ಬಲಗಣ್ಣು ಟೀಚರನ್ನು ನೋಡಿತು. ಎಡಗಣ್ಣು ಬರಲಿಲ್ಲ. ಗಾಜಿನ ಗೋಲಿಯನ್ನು ಒಳಗಿನಿಂದ ಯಾರೋ ಹೆಬ್ಬೆರಳಿನಿಂದ ಒತ್ತಿದಂತೆ ಅದು ಕೊಂಚ ಮುಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು.

ಟೀಚರ್ ಕೋಟು ಸಮೇತ ನೀರಿಗೆ ಹಾರಿದರು. ಹುಡುಗಿಯನ್ನು ಮೇಲೆತ್ತಿ, ಒಣ ಟವೆಲುಗಳಲ್ಲಿ ಸುತ್ತಿ, ಬಾಡಿಗೆ ಕಾರು ನಿಲ್ಲಿಸಿ, ತಾವು ನೀರು ಸುರಿಸುತ್ತಲೇ ಒಳಗೆ ಕುಳಿತರು. ಸೀಟು ಒದ್ದೆಯಾಗುತ್ತದೆಂದು ಗೊಣಗಿದ ಚಾಲಕನಿಗೆ ಅಜ್ಜಿ ಹೇಳಿದಳಂತೆ, “ಒದ್ದೆಯಾದ್ರೆ ಒಣಗುತ್ತೆ ಕಣಪ್ಪ. ನೀನು ನಡಿ.” ದಾರಿಯಲ್ಲಿ ಚಿಟ್ಟೆಯ ಹಣೆ ಒಣಗಿತು. ಒಣಗಿದ ಹಣೆಯ ಮೇಲೆ ಟೀಚರ್ ಕೈಯಿಟ್ಟಾಗ ಕೆಂಡ ಮುಟ್ಟಿದ ಹಾಗಾಯಿತು.

ದೊಡ್ಡಾಸ್ಪತ್ರೆಯ ಕಿವಿ-ಮೂಗು-ಗಂಟಲಿನ ಡಾಕ್ಟರು ಸಣಕಲು ಮನುಷ್ಯ, ಮೆಲುದನಿ. ಅವರು ರೆಪ್ಪೆಯನ್ನು ಎತ್ತಿ, ಕಣ್ಣನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಹೇಳಿ, ಒಂದೊಂದೇ ಕಣ್ಣಿಗೆ ಕೆಂಪು ಮುಚ್ಚಳದ ಒಂದು ಸೀಸೆ ತೋರಿಸಿ ಬಣ್ಣ ಕೇಳಿದರು. ಎಡಗಣ್ಣಿಗೆ ಅದು ಕಂದು ಬಣ್ಣವಾಗಿ ಕಾಣುತ್ತಿತ್ತು. ತಕ್ಷಣ ರಕ್ತನಾಳಕ್ಕೆ ಔಷಧ ಏರಿಸಲು ಹೇಳಿ, ತಲೆಯ ಸ್ಕ್ಯಾನ್ ಮಾಡಿಸಿ, ಆ ಚಿತ್ರವನ್ನು ಬೆಳಕಿಗೆ ಹಿಡಿದು ಇಬ್ಬರು ಹೆಂಗಸರಿಗೂ ತಿಳಿಯುವಂತೆ ಹೇಳಿದರು.

“ನೋಡಿ, ಮೂಗಿನ ಅಕ್ಕಪಕ್ಕ, ಹಣೆಯೊಳಗೆ, ಎಲುಬಿನಲ್ಲಿ ಟೊಳ್ಳು ಗೂಡುಗಳಿರುತ್ತೆ. ಸೈನಸ್ ಅಂತೀವಿ. ನೆಗಡಿ ಹಾಗೇ ಉಳಿದು ಅಲ್ಲಿ ಕೀವಾಗಿದೆ. ಆ ಗೂಡಿಗೂ ಕಣ್ಣಿಗೂ ಮಧ್ಯೆ ಇರೋ ಎಲುಬು ಕಾಗದದಷ್ಟು ತೆಳು. ಕೀವು ಅದನ್ನ ದಾಟಿ ಕಣ್ಣನ್ನ ಹೊರಕ್ಕೆ ತಳ್ತಾ ಇದೆ. ದೃಷ್ಟಿಯ ನರ ಹಿಂಡಿಹೋಗೋಕೆ ಮುಂಚೆ ಅದನ್ನ ತೆಗೀಬೇಕು. ಇವತ್ತೇ.”

“ಕಣ್ಣು ಹೋಗುತ್ತಾ ಡಾಕ್ಟ್ರೇ?” ಅಜ್ಜಿ ಕೇಳಿದಳು.

“ಹೋಗದ ಹಾಗೆ ನೋಡ್ಕೊಳ್ಳೋಕೆ ಈಗ ಓಡ್ತಾ ಇದೀನಮ್ಮ. ಇನ್ನೊಂದು ವಿಷಯ. ಹಣೆಯ ಗೂಡಿನ ಹಿಂದುಗಡೆ ಗೋಡೆಯ ಆಚೆ ಮಿದುಳು. ಅಲ್ಲಿ ಈಗ ಏನೂ ಕಾಣ್ತಾ ಇಲ್ಲ. ಆದ್ರೂ ಕಾಯಬೇಕು.”

ಟೀಚರ್ ಕೇಳಿದ್ದು ಬೇರೆ. “ನೀರಿಗೆ ಇಳಿಸಿದ್ದರಿಂದ ಹೀಗಾಯ್ತಾ?”

“ನೀರಿನಿಂದ ಆಗಿದ್ದಲ್ಲ. ಆದ್ರೆ ಬೆಳಗ್ಗೆ ಊತ ಕಂಡ ತಕ್ಷಣ ಬರಬೇಕಿತ್ತು. ಇಂಥದ್ರಲ್ಲಿ ಒಂದು ಗಂಟೇನೂ ದೊಡ್ಡದು.”

“ಆ ಗಂಟೆ ನಂದು ಡಾಕ್ಟ್ರೇ” ಎಂದರು ಟೀಚರ್. ಅಷ್ಟೇ. ಅಳಲಿಲ್ಲ, ಗೋಡೆಗೆ ಒರಗಲಿಲ್ಲ. ಹುಡುಗಿಯ ತಂದೆಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ನಡೆದ ಹಾಗೆ, ತಾವು ನಕ್ಕದ್ದನ್ನೂ ಬಿಡದೆ ಹೇಳಿ, ಶಸ್ತ್ರಕ್ರಿಯೆಗೆ ಒಪ್ಪಿಗೆ ಪಡೆದರು.

ಶಸ್ತ್ರಕ್ರಿಯೆ ಮೂಗಿನ ಒಳಗಿನಿಂದಲೇ ನಡೆಯಿತು. ಮುಖದ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಹೊರಗೆ ಬೆಂಚಿನಲ್ಲಿ ಅಜ್ಜಿಯ ಬಾಯಿ ತೆರೆಯಿತು. “ಎರಡು ಗೋಡೆ ಕಾಣುತ್ತೆ ಅಂತ ಕೂಸು ಹೇಳಿದ್ರೆ ಹಲ್ಲು ಬಿಡ್ತೀಯಲ್ಲೇ! ಮೊಸಳೆ ಅಂತ ಸುಮ್ನೆ ಹೆಸರಿಟ್ಟಿಲ್ಲ ನಿಂಗೆ! ಕಪ್ ಬೇಕಿತ್ತಾ ಕಪ್ಪು? ತಗೋ, ಆಸ್ಪತ್ರೆ ಲೋಟ ಇದೆ, ಇದನ್ನೇ ಇಟ್ಕೋ!” ಹಬೆ ಹಿಡಿಸಿ ಕೂತ ತನ್ನ ಮೇಲಿನ ಸಿಟ್ಟನ್ನೂ ಅವಳು ಅದರಲ್ಲೇ ಸೇರಿಸಿದ್ದಳೆಂದು ನನ್ನ ಬಳಿ ಆಮೇಲೆ ಒಪ್ಪಿಕೊಂಡಳು. ಟೀಚರ್ ಕೊನೆಯವರೆಗೆ ಕೇಳಿಸಿಕೊಂಡರು. ಬಳಿಕ ಹೇಳಿದರು: “ಬೈಯ್ರಿ ಅಜ್ಜಿ, ಇನ್ನೂ ಇದ್ರೆ ಬೈಯ್ರಿ. ಆದ್ರೆ ಮಧ್ಯೆ ಒಂದು ತುತ್ತು ತಿನ್ರಿ. ಹೊಟ್ಟೆ ಖಾಲಿ ಇದ್ರೆ ಬೈಗುಳಕ್ಕೂ ಬಲ ಇರಲ್ಲ.” ಅಜ್ಜಿ ತಿಂದಳು.

ಚಿಟ್ಟೆಯ ಕಣ್ಣು ಒಳಕ್ಕೆ ಸರಿಯಿತು. ದಾದಿ ಆಗಾಗ ಬಂದು ಕಿರುದೀಪ ಹಿಡಿದು ಕಣ್ಣಿನ ಪಾಪೆ ನೋಡುತ್ತಿದ್ದಳು, ಬೆರಳು ಆಡಿಸುತ್ತಿದ್ದಳು, ಬಣ್ಣ ಕೇಳುತ್ತಿದ್ದಳು. ಟೀಚರ್ ಪಕ್ಕದಲ್ಲಿ ನಿಂತು ಆ ಕೈಗಳನ್ನು, ಹಿಂದೆ ನೀರಿನೊಳಗಿನ ಕಾಲುಗಳನ್ನು ನೋಡುತ್ತಿದ್ದ ಅದೇ ಕಣ್ಣುಗಳಿಂದ ನೋಡುತ್ತಿದ್ದರು. ಎಡಗಣ್ಣು ಮೊದಲ ಸಲ ಬೆರಳನ್ನು ತುದಿಯವರೆಗೆ ಹಿಂಬಾಲಿಸಿದಾಗ ಅವರು ಬಾಯಿತಪ್ಪಿ “ಇನ್ನೊಂದ್ಸಲ!” ಎಂದು ಕೂಗಿದ್ದಕ್ಕೆ ವಾರ್ಡಿನ ರೋಗಿಗಳೆಲ್ಲ ಎದ್ದು ಕುಳಿತರಂತೆ. ಡಾಕ್ಟರು ಗದರಿಸಲಿಲ್ಲ. “ನೀವು ಇಲ್ಲೇ ಇರೋದಾದ್ರೆ ಒಂದು ಕೆಲಸ ಮಾಡಿ” ಎಂದರು. “ವಾಂತಿ, ಕತ್ತು ಬಿಗಿಯೋದು, ತಲೆನೋವು ಹೆಚ್ಚೋದು, ಇವನ್ನೆಲ್ಲ ನಾವು ನೋಡ್ಕೋತೀವಿ. ಆದ್ರೆ ಈ ಹುಡುಗಿ ಹೇಗಿರ್ತಿದ್ಲು ಅನ್ನೋದು ನಮಗೆ ಗೊತ್ತಿಲ್ಲ. ಅವಳ ಹಾಗೆ ಅವಳಿಲ್ಲ ಅನ್ನಿಸಿದ್ರೆ ಸಂಕೋಚಪಡದೆ ಹೇಳಿ.”

ಮಾರನೆಯ ಮಧ್ಯಾಹ್ನ ಹುಡುಗಿ ಮಂಕಾಗಿದ್ದಳು. ಔಷಧದ ಆಯಾಸವಿರಬಹುದು ಎಂದು ಅಜ್ಜಿ ಎಂದಳು. ಟೀಚರ್ ಹುಡುಗಿಯನ್ನು ರೇಗಿಸಿ ನೋಡಿದರು.

“ಲೇ ಚಿಟ್ಟೆ, ನಿನ್ನನ್ನ ರಿಲೇಲಿ ಕಪ್ಪೆ ಈಜಿಗೆ ಹಾಕೋಣ ಅಂತಿದೀನಿ. ಏನಂತೀಯ?”

ಕಪ್ಪೆ ಈಜೆಂದರೆ ಚಿಟ್ಟೆಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆ ದಿನವಾಗಿದ್ದರೆ, “ಕಪ್ಪೇನ ಮೊಸಳೇನೇ ಈಜಲಿ” ಎನ್ನುವಷ್ಟು ನಾಲಗೆ ಅವಳದು. ಈಗ ಅವಳು ಕಣ್ಣು ಅರೆತೆರೆದು, “ಹೂಂ, ಸರಿ ಟೀಚರ್” ಎಂದಳು.

“ನೋಡು, ಕಾಯಿಲೆ ಬಿದ್ಮೇಲೆ ಬುದ್ಧಿ ಬಂದಿದೆ ಪಾಪ” ಎಂದಳು ಅಜ್ಜಿ.

ಟೀಚರ್ ಆಗಲೇ ಎದ್ದಿದ್ದರು. “ಅಜ್ಜಿ, ಇದು ಬುದ್ಧಿ ಬಂದಿದ್ದಲ್ಲ.”

ದಾದಿಗೆ ಹೇಳಿದರು. ದಾದಿ ಡಾಕ್ಟರಿಗೆ ಹೇಳಿ ಕಳುಹಿಸಿದಳು. ಅವರು ಬರುವುದು ತಡವಾಗುವ ಹಾಗೆ ಕಂಡಾಗ ಟೀಚರ್ ಒದ್ದೆ ಟೈಲಿನ ತಮ್ಮ ನಡಿಗೆಯಲ್ಲಿ ಮೂರು ಮಹಡಿ ಇಳಿದು, ಹೊರರೋಗಿಗಳ ಸಾಲನ್ನು ದಾಟಿ, ಅವರ ಕೋಣೆಯ ಬಾಗಿಲಲ್ಲಿ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ, “ಡಾಕ್ಟ್ರೇ, ಹುಡುಗಿ ನಾನು ಹೇಳಿದ್ದಕ್ಕೆಲ್ಲಾ ಒಪ್ಕೋತಾ ಇದಾಳೆ!” ಎಂದು ಕೂಗಿದರು. ಕಾದಿದ್ದವರಲ್ಲಿ ಕೆಲವರು ನಕ್ಕರು. ಮಕ್ಕಳು ಹೇಳಿದ ಮಾತು ಕೇಳುತ್ತಾರೆಂದು ಡಾಕ್ಟರಿಗೆ ದೂರು ಕೊಡುವ ಹೆಂಗಸನ್ನು ಅವರು ಎಲ್ಲಿ ಕಂಡಿದ್ದರು? ಡಾಕ್ಟರು ನಗಲಿಲ್ಲ. ಬಂದು ಚಿಟ್ಟೆಯ ಎರಡೂ ಕೈ ಮುಂದಕ್ಕೆ ಚಾಚಿಸಿ ಕಣ್ಣು ಮುಚ್ಚಿಸಿದರು. ಬಲಗೈ ಮೆಲ್ಲಗೆ, ಯಾರೂ ಎಳೆಯದೆ, ಕೆಳಗಿಳಿಯಿತು. ಮತ್ತೆ ಸ್ಕ್ಯಾನ್. ಹಿಂದಿನ ದಿನ ಏನೂ ಕಾಣದಿದ್ದ ಕಡೆ, ಹಣೆಯ ಗೂಡಿನ ಹಿಂದೆ, ತಲೆಬುರುಡೆಗೂ ಮಿದುಳಿಗೂ ನಡುವೆ, ಕೀವಿನ ಒಂದು ಪದರ ಹರಡಿಕೊಂಡಿತ್ತು. ಮಿದುಳಿನ ಶಸ್ತ್ರವೈದ್ಯರು ಬಂದರು. ಹುಡುಗಿಯ ಮುಂದಲೆಯ ಕೂದಲು ತೆಗೆದು ಒಳಕ್ಕೆ ಕರೆದೊಯ್ದರು.

ಈ ಸಲ ಅಜ್ಜಿ ಬೈಯಲಿಲ್ಲ. ಟೀಚರ ಕೋಟಿನ ತೋಳನ್ನು ಹಿಡಿದು ಕುಳಿತಳು. ತಂದೆ ಬಂದು ಸೇರುವವರೆಗೂ ಬಿಡಲಿಲ್ಲ.

ಚಿಟ್ಟೆ ಉಳಿದಳು. ಉಳಿಯುವುದೆಂದರೆ ಒಂದೇ ದಿನದ ಕೆಲಸವಲ್ಲ. ವಾರಗಟ್ಟಲೆ ಔಷಧ, ಮಗುವಿನಂತೆ ಬಲಗೈಯಲ್ಲಿ ಚಮಚ ಹಿಡಿಯುವ ಅಭ್ಯಾಸ, ತಿಂಗಳುಗಟ್ಟಲೆ ತಪಾಸಣೆ. ಟೀಚರ್ ಪ್ರತಿ ಸಂಜೆ ಹೋಗಿ ಆ ಚಮಚಕ್ಕೂ “ಇನ್ನೊಂದ್ಸಲ” ಹೇಳಿ ಬರುತ್ತಿದ್ದರು. ಅವಳು ಸಿಟ್ಟಿಗೆದ್ದು ಆ ಚಮಚವನ್ನು ಅವರ ಮೇಲೆಯೇ ಎಸೆದ ದಿನ ಟೀಚರ್ ಸಂತೋಷದಿಂದ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು: “ಎಸೆದ್ಲು ಮೇಷ್ಟ್ರೇ! ಬಲಗೈಯಲ್ಲೇ ಎಸೆದ್ಲು! ಗುರಿ ನೋಡಿ ಎಸೆದ್ಲು!” ದೃಷ್ಟಿಯೂ ಮರಳಿತು. ಆದರೆ ಎಡಗಣ್ಣಿಗೆ ಕೆಂಪು ಬಣ್ಣ ಮೊದಲಿನಷ್ಟು ಕೆಂಪಾಗಿ ಮತ್ತೆ ಕಾಣಲಿಲ್ಲ. “ತುಂಬ ಸಲ ಒಗೆದ ಕೆಂಪು ಥರ ಟೀಚರ್” ಎಂದಳು ಹುಡುಗಿ.

ಟೀಚರ್ ಕೊಳಕ್ಕೆ ಮರಳಿ ಮಾಡಿದ ಮೊದಲ ಕೆಲಸವೆಂದರೆ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿದ್ದು. ಗಾಗಲ್ಸುಗಳು ಅಲ್ಲಿ ತೂಗಬೇಕು. ಅವರು ಕಣ್ಣು ನೋಡಿ, ಒಣಗಿದ ಹಣೆಯನ್ನು ಮುಟ್ಟಿ ನೋಡಿದ ಮೇಲೆಯೇ ತೆಗೆದುಕೊಳ್ಳಬೇಕು. ನೆಗಡಿ ಹಳೆಯದಾಗಿದ್ದರೆ, ಇಳಿದು ಮತ್ತೆ ಏರಿದ್ದರೆ, ಬಗ್ಗಿದಾಗ ಹಣೆ ನೋಯುತ್ತಿದ್ದರೆ ನೀರಿಲ್ಲ. ಕಣ್ಣು ಊದಿದ್ದರೆ ಅಂದೇ ಡಾಕ್ಟರು. ಹೊಸ ಮಕ್ಕಳ ತಂದೆತಾಯಿಗಳಿಗೆ ಮೊದಲ ದಿನವೇ ಚಿಟ್ಟೆಯ ಕಥೆ ಹೇಳುವರು. ಅದರಲ್ಲಿ “ಹತ್ತಿರದ್ದನ್ನ ಮುಟ್ಟು” ಎಂಬ ತಮ್ಮ ಮಾತನ್ನು ಒಮ್ಮೆಯೂ ಬಿಟ್ಟು ಹೇಳಿದವರಲ್ಲ. “ನಾನು ಡಾಕ್ಟ್ರಲ್ಲ. ನನಗೆ ಗೊತ್ತಾಗಲ್ಲ ಅನ್ನೋದು ಈಗ ಗೊತ್ತಾಗಿದೆ. ಅದಕ್ಕೇ ಕಳಿಸ್ತೀನಿ” ಎಂಬುದು ಅವರ ಸಮರ್ಥನೆ.

ತರಬೇತಿಯ ಸಮಯ ಇದರಲ್ಲೇ ಕಳೆಯುತ್ತದೆಂದು ಗೊಣಗಾಟ ಎದ್ದಿತು. ಕ್ಲಬ್ಬಿನ ಕಾರ್ಯದರ್ಶಿ ಶಿಸ್ತಿನ ಮನುಷ್ಯ, ಒಂದು ದಿನ ಬಂದು, “ಇದು ಈಜುಕೊಳವೋ ಕಣ್ಣಾಸ್ಪತ್ರೆಯೋ, ಟೀಚರ್?” ಎಂದು ಕೇಳಿದರು.

“ಮೊದಲು ಬರೀ ಈಜುಕೊಳ ಆಗಿತ್ತು ಸಾರ್. ಅದೇ ಎಡವಟ್ಟಾಗಿದ್ದು.”

ಮರುವರ್ಷದ ರಿಲೇ ಅವರ ಹಟಕ್ಕೆ ನಿಜವಾದ ಪರೀಕ್ಷೆಯಾಯಿತು. ಚಿಟ್ಟೆಗೆ ಇನ್ನೂ ಸ್ಪರ್ಧಿಸಲು ಅನುಮತಿಯಿರಲಿಲ್ಲ. ಅವಳ ಜಾಗದಲ್ಲಿ ಈಜಬೇಕಾಗಿದ್ದವಳು ಆ ಕಾರ್ಯದರ್ಶಿಯ ಮಗಳೇ. ಗೆಲ್ಲುವ ಸಾಧ್ಯತೆ ಇತ್ತು. ಗೆದ್ದರೆ ಕೊಳಕ್ಕೆ ಹೊಸ ಸೂರು ಹಾಕಿಸುವುದಾಗಿ ಕಾರ್ಯದರ್ಶಿ ಎಲ್ಲರೆದುರು ಮಾತು ಕೊಟ್ಟಿದ್ದರು. ಸ್ಪರ್ಧೆಯ ಬೆಳಗ್ಗೆ ಆ ಹುಡುಗಿ ಮೂಗೆಳೆಯುತ್ತ ಬಂದಳು. ಒಂದು ರೆಪ್ಪೆ ತುಸು ಊದಿತ್ತು. ಟೀಚರ್ ದಾರ ಆಡಿಸಿದರು. ಎರಡೂ ಕಣ್ಣು ಸರಿಯಾಗಿ ತಿರುಗಿದವು, ಕೆಂಪು ಕೆಂಪಾಗಿಯೇ ಕಂಡಿತು, ಹಣೆ ತಣ್ಣಗೇ ಇತ್ತು. ಹುಡುಗಿಯೂ ಬೇಡಿಕೊಂಡಳು: “ಹೊಸ ಗಾಗಲ್ಸ್ ಟೀಚರ್, ನಿನ್ನೆ ಟೈಟಾಗಿತ್ತು, ಅಷ್ಟೇ.”

“ಅಷ್ಟೇ ಇರಬಹುದು. ಡಾಕ್ಟ್ರು ಅಷ್ಟೇ ಅನ್ಲಿ. ಕಾರು ಹತ್ತು.”

ಕಾರ್ಯದರ್ಶಿ ಅಡ್ಡ ನಿಂತರು, ಅಧಿಕಾರದ ಮಾತಾಡಿದರು, ಕೊನೆಗೆ ಕೆಲಸದಿಂದ ತೆಗೆಯುವ ಮಾತನ್ನೂ ಆಡಿದರು. ಟೀಚರ್ ಕೊರಳಿನಿಂದ ವಿಶಲ್ ತೆಗೆದು ಅವರ ಕೈಯಲ್ಲಿಟ್ಟರು. “ಇದು ನಿಮ್ಮದು ಸಾರ್, ಇಟ್ಕೊಳ್ಳಿ. ಹುಡುಗಿ ಜೊತೆ ನಾನು ಹೋಗ್ಬರ್ತೀನಿ.” ತಂದೆಯಾದ ಆ ಮನುಷ್ಯ ಒಂದು ಕ್ಷಣ ವಿಶಲ್ಲನ್ನೂ ಇನ್ನೊಂದು ಕ್ಷಣ ಮಗಳ ರೆಪ್ಪೆಯನ್ನೂ ನೋಡಿ, ತಾವೇ ಕಾರಿನ ಬಾಗಿಲು ತೆಗೆದರು.

ತಂಡ ಕೊನೆಯ ಸ್ಥಾನಕ್ಕೆ ಸುಖವಾಗಿ ಮರಳಿತು. ಸಂಜೆ ಕಾರು ಬಂದಾಗ ಎಲ್ಲರೂ ಬಾಗಿಲಲ್ಲಿ ಕಾದಿದ್ದೆವು. ಕಾರ್ಯದರ್ಶಿಯ ಮುಖ ಹರಳೆಣ್ಣೆ ಕುಡಿದಂತಿತ್ತು.

“ಏನಾಗಿತ್ತಂತೆ?” ಅಜ್ಜಿ ಕೇಳಿದಳು.

“ಏನೂ ಆಗಿರಲಿಲ್ಲ ಅಜ್ಜಿ. ಗಾಗಲ್ಸಿನ ಗುರುತು” ಎಂದರು ಟೀಚರ್, ಬಹುಮಾನ ಬಂದವರ ದನಿಯಲ್ಲಿ.

ಗೊಳ್ಳೆಂದು ನಗು ಎದ್ದಿತು. ಕಪ್ಪೂ ಹೋಯಿತು, ಸೂರೂ ಹೋಯಿತು, ಸಿಕ್ಕಿದ್ದು ಗಾಗಲ್ಸಿನ ಗುರುತು ಎಂದು ಹಲವರು ಆಡಿಕೊಂಡರು. ಟೀಚರ್ ತಾವೂ ಅವರೊಡನೆ ನಕ್ಕರು. ಆ ನಗುವಿನಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ. ಹುಡುಗಿಯನ್ನು ಕಳುಹಿಸಿದ್ದು ಸರಿಯೆಂದು ಸಾಧಿಸುವ ಗೋಜಿಗೂ ಹೋಗಲಿಲ್ಲ. ಸೂರು ಸೋರುವ ಕಡೆ ಬಕೆಟ್ ಇಡಿಸಿ, ಮರುದಿನದ ತರಬೇತಿಗೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬರಬೇಕೆಂದು ಕೂಗಿ ಹೇಳಿ ಮನೆಗೆ ಹೋದರು. ಕಾರ್ಯದರ್ಶಿ ವಿಶಲ್ಲನ್ನು ಅವರ ಮನೆಗೆ ಕಳುಹಿಸಿಕೊಟ್ಟರು. ಜೊತೆಗೆ ಏನಾದರೂ ಹೇಳಿ ಕಳುಹಿಸಿದರೋ ಇಲ್ಲವೋ, ಟೀಚರ್ ಹೇಳಲಿಲ್ಲ.

ತಪ್ಪು ಮಾಡದವರಿಲ್ಲ. ಮಾಡಿದ ತಪ್ಪನ್ನು ಮುಚ್ಚಿಡುವವರನ್ನು ನಾನು ಕಂಡಿದ್ದೇನೆ. ಕೊರಳಿಗೆ ಕಲ್ಲಿನಂತೆ ಕಟ್ಟಿಕೊಂಡು ಅದರೊಡನೆ ಮುಳುಗಿದ ಒಳ್ಳೆಯವರನ್ನೂ ಕಂಡಿದ್ದೇನೆ. ಇವರಿಬ್ಬರೂ ಅಲ್ಲದ ಮೂರನೆಯ ಜಾತಿಯೊಂದಿದೆ. ಅವರು ತಪ್ಪು ಕಲಿಸಿದ್ದನ್ನು ಕೈಯ ಕೆಲಸವಾಗಿ ಮಾಡಿಕೊಂಡು, ಆ ಕೆಲಸವನ್ನು ದಿನವೂ, ಯಾರು ನಕ್ಕರೂ, ಬೇಸರವಿಲ್ಲದೆ ಮಾಡುತ್ತಾರೆ. ಅವರ ಎಚ್ಚರಿಕೆ ಹೆಚ್ಚು ಸಲ ಸುಳ್ಳಾಗುತ್ತದೆ. ಸುಳ್ಳಾಗಲಿ ಎಂಬುದೇ ಅವರ ಹಾರೈಕೆ. ಲೋಕವು ಅಪಾಯದಿಂದ ಎಳೆದು ತಂದವರಿಗೆ ಶಾಲು ಹೊದಿಸುತ್ತದೆ. ಅಪಾಯವನ್ನು ಬಾಗಿಲಲ್ಲೇ ತಡೆದವರಿಗೆ ಹೊದಿಸಲು ಅದರ ಬಳಿ ಏನೂ ಇಲ್ಲ. ಯಾಕೆಂದರೆ ಇಂಥವರು ಗೆದ್ದ ದಿನಗಳಲ್ಲಿ ಏನೂ ನಡೆದಿರುವುದಿಲ್ಲ: ಮಕ್ಕಳು ಮನೆಗೆ ಹೋಗಿರುತ್ತಾರೆ, ಕೈಕಾಲು ತೊಳೆದು ಉಂಡಿರುತ್ತಾರೆ, ಪಾಠ ಓದೆಂದರೆ ಜಗಳ ತೆಗೆದಿರುತ್ತಾರೆ.